ವಾಸನೆ ಇಲ್ಲ ಎಂದರೆ ದೂಳಿಲ್ಲ ಎಂದಲ್ಲ

ಭದ್ರಾವತಿಯ ಗಾಳಿ ಎಂದರೆ ನಮಗೆಲ್ಲ ನೆನಪಾಗುವುದು ಚಿಮಣಿ. 1918ರಲ್ಲಿ ಬುನಾದಿ ಬಿದ್ದು 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ, ಈಗ ವಿಐಎಸ್‌ಎಲ್ ಎನಿಸಿಕೊಂಡಿರುವ ಕಾರ್ಖಾನೆ, ಆಮೇಲೆ ಬಂದ ಎಂಪಿಎಂ ಕಾಗದದ ಕಾರ್ಖಾನೆ ಎರಡೂ ಊರಿಗೆ ಅನ್ನ ಕೊಟ್ಟವು, ಹೊಗೆಯನ್ನೂ ಕೊಟ್ಟವು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 43 ಕೈಗಾರಿಕಾ ಪ್ರದೇಶಗಳನ್ನು ತೀವ್ರ ಮಲಿನ ಎಂದು ಪಟ್ಟಿ ಮಾಡಿದಾಗ ಕರ್ನಾಟಕದಿಂದ ಅದರಲ್ಲಿದ್ದದ್ದು ಎರಡೇ ಹೆಸರು: ಮಂಗಳೂರು ಮತ್ತು ಭದ್ರಾವತಿ. ನೂರಕ್ಕೆ 72.33 ಅಂಕ ಭದ್ರಾವತಿಯದು. ಈಗ ಎಂಪಿಎಂ ಯಂತ್ರಗಳು ನಿಂತು ವರ್ಷಗಳಾದವು, ವಿಐಎಸ್‌ಎಲ್ ಕುಂಟುತ್ತಿದೆ. ಹೊಗೆ ಕಡಿಮೆಯಾಯಿತು ಎಂದು ಊರಿನವರು ಅರ್ಧ ಬೇಸರದಲ್ಲಿ ಹೇಳುತ್ತಾರೆ.

ಆದರೆ ಊರಂಚಿನ ಗದ್ದೆ ತೋಟಗಳ ನಡುವೆ ಎದ್ದು ನಿಂತಿರುವ ಉದ್ದನೆಯ ತಗಡಿನ ಶೆಡ್‌ಗಳಿಗೆ ಚಿಮಣಿ ಇಲ್ಲ. ಅಲ್ಲಿಂದ ಹೊರಡುವ ದೂಳು ಜಾಲರಿಯ ಕಣ್ಣುಗಳಿಂದ ಸದ್ದಿಲ್ಲದೆ ಹೊರಬರುತ್ತದೆ. ಮಂಡಳಿಯ ಮಾಪಕಗಳು ಪೇಟೆ ನಡುವೆ ಇರುತ್ತವೆ. ಹಳ್ಳಿಯಂಚಿನ ಕೋಳಿ ಶೆಡ್ಡಿನ ಹಿಂದೆ ಯಾರೂ ಯಂತ್ರ ಇಟ್ಟಿಲ್ಲ. ಹಾಗಾಗಿ ಅಳತೆ ಮಾಡುವ ಕೆಲಸ ನಮ್ಮ ಕಣ್ಣು, ಮೂಗು, ಅಂಗೈಗೇ ಬೀಳುತ್ತದೆ.

ಕೋಳಿ ಸಾಕುವವರ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಅಡಿಕೆಗೆ ಒಂದು ವರ್ಷ ಕೊಳೆ, ಇನ್ನೊಂದು ವರ್ಷ ಎಲೆಚುಕ್ಕೆ; ಭತ್ತ ಹಾಕಿದರೆ ಕೂಲಿಯೂ ಹುಟ್ಟುವುದಿಲ್ಲ ಎಂಬ ಲೆಕ್ಕದಲ್ಲಿ ಸಾಲ ಮಾಡಿ ಶೆಡ್ ಹಾಕಿಕೊಂಡವರು ಬಹಳ. ಕಂಪನಿ ಮರಿ, ಫೀಡ್, ಔಷಧ ಕೊಡುತ್ತದೆ. ಶೆಡ್ಡು, ಕರೆಂಟು, ನೀರು, ಮೈಮುರಿಯುವ ದುಡಿಮೆ ರೈತನದು. ಆ ಶೆಡ್ಡಿನ ದೂಳನ್ನು ಮೊದಲು ಕುಡಿಯುವವನೂ ಅವನೇ. ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡು ಬೈಯುವ ಹೊತ್ತಿಗೆ ಒಳಗೆ ದುಡಿಯುವವರ ಎದೆ ಆಗಲೇ ಕಟ್ಟಿರುತ್ತದೆ. ಈ ಕ್ರಮ ಮರೆತರೆ ಪರಿಹಾರವೂ ಉಲ್ಟಾ ಆಗುತ್ತದೆ.

ಆ ದೂಳಿನಲ್ಲಿ ಏನಿದೆ?

ರಸ್ತೆಯ ಮಣ್ಣಿನ ದೂಳಿಗೂ ಶೆಡ್ಡಿನ ದೂಳಿಗೂ ಬಹಳ ವ್ಯತ್ಯಾಸ. ಶೆಡ್ಡಿನದು ಬಹುಪಾಲು ಜೀವದ ದೂಳು. ಒಣಗಿ ಪುಡಿಯಾದ ಹಿಕ್ಕೆ, ಉದುರಿದ ಪುಕ್ಕದ ಚೂರು, ಚರ್ಮದ ಹೊಟ್ಟು, ಫೀಡಿನ ಜೋಳ ಸೋಯಾ ಹಿಟ್ಟು, ನೆಲಕ್ಕೆ ಹಾಸಿದ ಭತ್ತದ ಹೊಟ್ಟಿನ ಸವಕಲು. ಇವುಗಳ ಮೇಲೆ ಸವಾರಿ ಮಾಡಿಕೊಂಡು ಬ್ಯಾಕ್ಟೀರಿಯಾ, ಬೂಷ್ಟಿನ ಬೀಜಾಣು, ಕೆಲವೊಮ್ಮೆ ವೈರಸ್ ಇರುತ್ತವೆ. ಬ್ಯಾಕ್ಟೀರಿಯಾ ಸತ್ತರೂ ಅದರ ಹೊರಕವಚದ ಚೂರುಗಳು ಉಳಿಯುತ್ತವೆ. ಎಂಡೋಟಾಕ್ಸಿನ್ ಎನ್ನುವ ಈ ಚೂರುಗಳು ಶ್ವಾಸನಾಳಕ್ಕೆ ಹೋದರೆ ಸೋಂಕಿಲ್ಲದೆಯೂ ಉರಿಯೂತ ಮಾಡುತ್ತವೆ. ಜ್ವರದ ಔಷಧ, ಆ್ಯಂಟಿಬಯೊಟಿಕ್ ಎರಡೂ ಇದಕ್ಕೆ ಮದ್ದಲ್ಲ.

ಕಣದ ಗಾತ್ರವೂ ಮುಖ್ಯ. ಬಿಸಿಲಕೋಲಿನಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣಗಳು ಮೂಗಿನಲ್ಲೇ ಸಿಕ್ಕಿಬೀಳುತ್ತವೆ, ಹೊರಗೆ ಹೋದರೂ ಶೆಡ್ಡಿನ ಹತ್ತಿರವೇ ನೆಲಕ್ಕಿಳಿಯುತ್ತವೆ. 10 ಮೈಕ್ರಾನ್‌ಗಿಂತ ಸಣ್ಣವು ಎದೆಗೆ ಇಳಿಯುತ್ತವೆ. 2.5ಕ್ಕಿಂತ ಸಣ್ಣವು ಶ್ವಾಸಕೋಶದ ತುದಿ ಮುಟ್ಟುತ್ತವೆ, ಗಾಳಿಯಲ್ಲಿ ದೂರವೂ ಹೋಗುತ್ತವೆ. ಅಪಾಯದ ಕಣ ಕಾಣುವುದೇ ಇಲ್ಲ. ಆದರೂ ಕಾಣುವ ದೂಳು ಎದ್ದಲ್ಲಿ ಕಾಣದ್ದೂ ಎದ್ದಿರುತ್ತದೆ ಎಂದು ಹಿಡಿಯಬಹುದು. ಶೆಡ್ಡಿನ ಮೂಲೆಯ ಜೇಡರಬಲೆ ನೋಡಿ. ಅದು ಎಳೆಎಳೆಯಾಗಿ ತೆಳ್ಳಗಿದ್ದರೆ ಗಾಳಿ ಪರವಾಗಿಲ್ಲ. ಬೂದು ಹಗ್ಗದ ಹಾಗೆ ದಪ್ಪಗಾಗಿ ಜೋತುಬಿದ್ದಿದ್ದರೆ, ನೀವು ಉಸಿರಾಡಿದ್ದು ಏನೆಂದು ಅದೇ ಹೇಳುತ್ತದೆ. ಕೋಳಿಗಳು ಸೀನುವುದು, ಕಣ್ಣು ಕಟ್ಟುವುದು, ರಾತ್ರಿ ಗೊರಗೊರ ಸದ್ದು ಮಾಡುವುದು ಕೂಡ ಇದೇ ಕತೆಯ ಇನ್ನೊಂದು ಮುಖ. ಕಂಪನಿಯ ಸೂಪರ್‌ವೈಸರ್ ಸಿಆರ್‌ಡಿ, ಅಂದರೆ ಕೋಳಿಗಳ ದೀರ್ಘಕಾಲದ ಉಸಿರಾಟದ ಕಾಯಿಲೆ, ಎಂದು ಔಷಧ ಬರೆದುಕೊಡುತ್ತಾನೆ. ದೂಳಿನ ಮಾತು ಎತ್ತುವುದು ಅಪರೂಪ.

ಹೊಟ್ಟಿನ ಹಿಡಿ

ಶೆಡ್ಡಿನ ಗಾಳಿಯನ್ನು ನಿರ್ಧರಿಸುವುದು ನೆಲದ ಹೊಟ್ಟು. ನಮ್ಮಲ್ಲಿ ಅಕ್ಕಿ ಗಿರಣಿಗಳು ಹತ್ತಿರವೇ ಇರುವುದರಿಂದ ಭತ್ತದ ಹೊಟ್ಟೇ ಹಾಸು. ಅದು ತೀರ ಒಣಗಿದರೆ ದೂಳು, ತೀರ ಒದ್ದೆಯಾದರೆ ಅಮೋನಿಯಾ. ಎರಡರ ನಡುವೆ ಇರುವ ದಾರಿ ಕಿರಿದು: ತೇವ ನೂರಕ್ಕೆ 20ರಿಂದ 30ರೊಳಗೆ ಇರಬೇಕು. ಇದನ್ನು ಅಳೆಯಲು ಯಂತ್ರ ಬೇಡ. ಡ್ರಿಂಕರ್ ಹತ್ತಿರ, ಗೋಡೆ ಪಕ್ಕ, ನಡುವೆ, ಹೀಗೆ ಬೇರೆ ಬೇರೆ ಕಡೆ ಒಂದೊಂದು ಹಿಡಿ ಹೊಟ್ಟು ತೆಗೆದು ಬಿಗಿಯಾಗಿ ಹಿಂಡಿ, ಕೈ ಬಿಚ್ಚಿ. ಉಂಡೆ ಉಂಡೆಯಾಗಿಯೇ ಉಳಿದರೆ ಒದ್ದೆ ಹೆಚ್ಚು. ಒಂದಿಷ್ಟೂ ಅಂಟದೆ ಬೆರಳ ಸಂದಿಯಿಂದ ಸುರಿದು ಅಂಗೈ ಬೆಳ್ಳಗಾದರೆ ಒಣಗಿದ್ದು ಹೆಚ್ಚು. ಸ್ವಲ್ಪ ಅಂಟಿಕೊಂಡು, ಬೆರಳಿನಿಂದ ತಟ್ಟಿದೊಡನೆ ಬಿರಿದರೆ ಸರಿಯಾಗಿದೆ. ಕೈ ತೊಳೆದುಕೊಳ್ಳುವುದನ್ನು ಮರೆಯಬೇಡಿ.

ಶಿವಮೊಗ್ಗದ ಹವೆಯಲ್ಲಿ ಈ ಸಮತೋಲ ವರ್ಷಕ್ಕೆರಡು ಸಲ ತಲೆಕೆಳಗಾಗುತ್ತದೆ. ಮಳೆಗಾಲದಲ್ಲಿ ನೈಋತ್ಯದ ಇರಚಲು ಹೊಡೆಯುತ್ತದೆಂದು ಪರದೆ ಇಳಿಸುತ್ತೇವೆ. ಗಾಳಿ ಆಡದೆ ಹೊಟ್ಟು ಗಟ್ಟಿ ಪದರವಾಗಿ ಕೂರುತ್ತದೆ. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ತೇವದಲ್ಲಿ ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡುತ್ತವೆ. ಫೆಬ್ರುವರಿ ದಾಟಿದರೆ ಇದರ ಉಲ್ಟಾ: ಹೊಟ್ಟು ಪುಡಿಪುಡಿ, ಕೋಳಿ ರೆಕ್ಕೆ ಬಡಿದರೆ ಸಾಕು ದೂಳು ಎದ್ದು ನಿಲ್ಲುತ್ತದೆ. ಮಳೆಗಾಲದಲ್ಲಿ ಪಕ್ಕದವರಿಗೆ ವಾಸನೆ ಬಡಿಯುತ್ತದೆ, ಜಗಳ ಆಗುತ್ತದೆ. ಬೇಸಿಗೆಯಲ್ಲಿ ವಾಸನೆ ಇರುವುದಿಲ್ಲ, ಜಗಳವೂ ಇಲ್ಲ. ಎದೆಗೆ ಹೆಚ್ಚು ಕೆಟ್ಟದ್ದು ಮಾತ್ರ ಆ ಎರಡನೆಯ ಕಾಲ.

ಅಮೋನಿಯಾದ ವಿಷಯದಲ್ಲಿ ಮೂಗನ್ನು ನಂಬುವಂತಿಲ್ಲ. ದಿನವೂ ಒಳಗಿರುವವರಿಗೆ ಅದು ಗೊತ್ತಾಗುವುದೇ ನಿಂತುಹೋಗುತ್ತದೆ. ದಿನವಿಡೀ ದುಡಿಯುವವರಿಗೆ ಸರಾಸರಿ 25 ಪಿಪಿಎಂ ಮೇಲೆ ಹೋಗಬಾರದು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಮಿತಿ. ಕೋಳಿಗಳಿಗೆ ಇನ್ನೂ ಕಡಿಮೆ ಸಾಕು: 20 ಪಿಪಿಎಂನಲ್ಲಿ ಮೂರು ದಿನ ಇದ್ದ ಕೋಳಿಗಳಿಗೆ ಕೊಕ್ಕರೆ ರೋಗ ಸುಲಭವಾಗಿ ತಗಲಿದ್ದನ್ನು 1960ರ ದಶಕದಲ್ಲೇ ಪ್ರಯೋಗದಲ್ಲಿ ಕಂಡಿದ್ದಾರೆ. ಶ್ವಾಸನಾಳದಲ್ಲಿ ಕಸ ಹೊರದೂಡುವ ಸೂಕ್ಷ್ಮ ಕೂದಲನ್ನು ಅಮೋನಿಯಾ ಮಂಕು ಮಾಡುತ್ತದೆ. ಆಮೇಲೆ ದೂಳಿಗೆ ತಡೆ ಇಲ್ಲ. ಹೊರಗಿನಿಂದ ಬಂದವರನ್ನು ಶೆಡ್ಡಿನೊಳಗೆ ಕೋಳಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂರಿಸಿ ನೋಡಿ. ಒಂದು ನಿಮಿಷದಲ್ಲಿ ಕಣ್ಣು ಉರಿದು ನೀರು ಬಂದರೆ ಪರದೆ ಎತ್ತುವ ಹೊತ್ತು ಮೀರಿದೆ ಎಂದು ಅರ್ಥ. ಭಾರತದ 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದ 12 ಮಾಲಿನ್ಯಕಾರಕಗಳಲ್ಲಿ ಅಮೋನಿಯಾವೂ ಇದೆ. 24 ಗಂಟೆಯ ಮಿತಿ ಘನಮೀಟರಿಗೆ 400 ಮೈಕ್ರೊಗ್ರಾಂ. ಹೊರಗೆ ಹೋದ ಅಮೋನಿಯಾ ವಾಹನ, ಕಾರ್ಖಾನೆಗಳ ಆಮ್ಲ ಅನಿಲದೊಡನೆ ಸೇರಿ ಹೊಸದಾಗಿ ಸೂಕ್ಷ್ಮ ದೂಳನ್ನೇ ಹುಟ್ಟಿಸುತ್ತದೆ. ಅಂದರೆ ಶೆಡ್ಡಿನ ಅನಿಲಕ್ಕೂ ಪೇಟೆಯ ಹೊಗೆಗೂ ಊರ ಹೊರಗೆ ಎಲ್ಲೋ ಸಂಬಂಧ ಕುದುರುತ್ತದೆ.

ಇಲ್ಲಿ ಸುಣ್ಣದ ಬಗ್ಗೆ ಒಂದು ಮಾತು. ವಾಸನೆ ಬಂತೆಂದರೆ ಹೊಟ್ಟಿನ ಮೇಲೆ ಸುಣ್ಣ ಎರಚುವುದು ನಮ್ಮ ಕಡೆ ರೂಢಿ. ಸುಣ್ಣ ತೇವ ಹೀರುತ್ತದೆ, ನಿಜ. ಆದರೆ ಅದು ಕ್ಷಾರ. ಹೊಟ್ಟು ಕ್ಷಾರವಾದಷ್ಟೂ ಅದರಲ್ಲಿ ಹಿಡಿದಿಟ್ಟಿದ್ದ ಅಮೋನಿಯಾ ಬಿಡುಗಡೆಯಾಗುತ್ತದೆ. ಕೋಳಿ ಒಳಗಿರುವಾಗ ಸುಣ್ಣ ಎರಚಿದರೆ ರೋಗಕ್ಕೆ ಬಾಗಿಲು ತೆರೆದ ಹಾಗೆ, ಮೇಲಿಂದ ಸುಣ್ಣದ ದೂಳೂ ಉಚಿತ. ಸುಣ್ಣವನ್ನು ಬ್ಯಾಚ್ ಹೋದ ಮೇಲೆ ಬರಿ ನೆಲಕ್ಕೆ, ಗೋಡೆಗೆ ಬಳಸಿ. ಹೊಟ್ಟಿಗೆ ಬೇಕಾದ್ದು ಹುಳಿಯ ಕಡೆಗೆ ಎಳೆಯುವ ವಸ್ತು: ಸೂಪರ್ ಫಾಸ್ಫೇಟ್, ಪಟಿಕ. ಪ್ರಮಾಣವನ್ನು ಪಶುವೈದ್ಯರಲ್ಲೇ ಕೇಳಿ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ. ಕೋಳಿ ಸತ್ತ ಮೇಲೆ ಮರಣೋತ್ತರ ಪರೀಕ್ಷೆಗೆ ಮಾತ್ರ ಅಲ್ಲಿಗೆ ಹೋಗಬೇಕೆಂದೇನೂ ಇಲ್ಲ.

ಸೋರುವ ನಿಪ್ಪಲ್ ಒಂದನ್ನು ಸರಿ ಮಾಡಿದರೆ ಮೂಟೆ ಸುಣ್ಣಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಮರಿ ಬೆಳೆದಂತೆ ನೀರಿನ ಸಾಲನ್ನು ಎತ್ತರಿಸುತ್ತ ಹೋಗಬೇಕು. ಕೋಳಿ ಕತ್ತು ಸ್ವಲ್ಪ ಮೇಲೆತ್ತಿ ಕುಡಿಯುವಂತಿದ್ದರೆ ನೀರು ನೆಲಕ್ಕೆ ಚೆಲ್ಲುವುದಿಲ್ಲ. ಹೊಟ್ಟನ್ನು ತಿರುವುವ ಕೆಲಸ ಬೆಳಗಿನ ತಂಪಿನಲ್ಲಿ, ಪರದೆ ಪೂರ್ತಿ ಎತ್ತಿ, ಮಾಸ್ಕ್ ಹಾಕಿಕೊಂಡು ಆಗಲಿ. ಬೇಸಿಗೆಯಲ್ಲಿ ಫಾಗರ್ ಇದ್ದರೆ ಕೆಲವೇ ಸೆಕೆಂಡು ಮಂಜಿನಂತೆ ಬಿಟ್ಟು ನಿಲ್ಲಿಸಿ. ಪೈಪ್ ಹಿಡಿದು ಹೊಟ್ಟು ತೋಯಿಸಿದರೆ ಬೇಸಿಗೆಯಲ್ಲೇ ಮಳೆಗಾಲ ತಂದುಕೊಂಡಂತಾಗುತ್ತದೆ.

ದೂಳು ಏಳುವ ಗಂಟೆಗಳು

ದೂಳಿನ ಬಗ್ಗೆ ಮಾತಾಡುವಾಗ ಎಲ್ಲರೂ ಮಾಡುವ ತಪ್ಪೆಂದರೆ ಅದನ್ನು ದಿನದ ಸರಾಸರಿಯಾಗಿ ನೋಡುವುದು. ಬ್ರಾಯ್ಲರ್ ಬ್ಯಾಚ್ ಸುಮಾರು ಆರು ವಾರದ್ದು. ಮರಿ ಬಂದ ಮೊದಲ ವಾರ ದೂಳು ಅಷ್ಟಕ್ಕಷ್ಟೇ. ಕೋಳಿ ಬಲಿತು, ಪುಕ್ಕ ತುಂಬಿ, ಹಿಕ್ಕೆ ಜಮೆಯಾದಂತೆ ಏರುತ್ತದೆ. ಎಲ್ಲಕ್ಕಿಂತ ಹೆಚ್ಚು ಏಳುವುದು ಎರಡೇ ಕೆಲಸದಲ್ಲಿ: ಕೋಳಿ ಹಿಡಿದು ಲಾರಿಗೆ ತುಂಬುವ ರಾತ್ರಿ, ಮತ್ತು ಹೊಟ್ಟು ಬಾಚಿ ಶೆಡ್ ಖಾಲಿ ಮಾಡುವ ದಿನ. ವರ್ಷಪೂರ್ತಿ ಹೋರಾಡುವ ಬದಲು ಆ ಕೆಲವು ಗಂಟೆಗಳನ್ನು ಹಿಡಿತಕ್ಕೆ ತಂದರೆ ಅರ್ಧ ಯುದ್ಧ ಗೆದ್ದಂತೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಮುಖ್ಯವಾದ ಮಾತು ಇದೊಂದೇ.

ಲೋಡಿಂಗ್ ರಾತ್ರಿಯನ್ನೇ ನೋಡಿ. ಲಾರಿ ಬಂದು ನಿಂತಿರುತ್ತದೆ, ಕ್ರೇಟ್‌ಗಳ ಸದ್ದು, ತಕ್ಕಡಿ, ಟಾರ್ಚು. ಹುಡುಗರು ಒಂದೊಂದು ಕೈಗೆ ನಾಲ್ಕೈದು ಕೋಳಿ ಕಾಲು ಹಿಡಿದು ತೂಗುತ್ತಾರೆ. ಸಾವಿರಾರು ರೆಕ್ಕೆ ಒಟ್ಟಿಗೆ ಬಡಿದಾಗ ಬಲ್ಬಿನ ಸುತ್ತ ಹಳದಿ ಮಂಜು ಕಟ್ಟುತ್ತದೆ. ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರೆ ಅದೇ ದೊಡ್ಡದು. ಈ ಹುಡುಗರು ಒಂದು ಶೆಡ್ಡಿನವರಲ್ಲ. ಇವತ್ತು ಹೊಳೆಹೊನ್ನೂರು ಕಡೆ, ನಾಳೆ ಚನ್ನಗಿರಿ ಕಡೆ. ರೈತನಿಗೆ ಬ್ಯಾಚಿಗೊಮ್ಮೆ ಬರುವ ರಾತ್ರಿ ಅವರಿಗೆ ದಿನವೂ ಬರುತ್ತದೆ. ಬೆಳಕು ಮಂದ ಮಾಡಿದರೆ, ನೀಲಿ ಬಲ್ಬು ಹಾಕಿದರೆ ಕೋಳಿ ಕುಳಿತಲ್ಲೇ ಇರುತ್ತದೆ, ರೆಕ್ಕೆ ಬಡಿಯುವುದು ಕಡಿಮೆ. ಇಡೀ ಶೆಡ್ಡನ್ನು ಒಮ್ಮೆಲೇ ಬೆದರಿಸದೆ ಜಾಲರಿ ಅಡ್ಡ ಇಟ್ಟು ಸ್ವಲ್ಪ ಸ್ವಲ್ಪವೇ ಹಿಡಿದರೆ ಕೋಳಿಗೂ ಪೆಟ್ಟಾಗುವುದಿಲ್ಲ, ತೂಕವೂ ಉಳಿಯುತ್ತದೆ.

ಟವೆಲ್, ಕರ್ಚೀಫು, ನೀಲಿ ಸರ್ಜಿಕಲ್ ಮಾಸ್ಕು ಈ ದೂಳಿಗೆ ಸಾಲದು. ಅಂಚಿನಿಂದ ಗಾಳಿ ನುಗ್ಗುತ್ತದೆ. ಎನ್-95 ಬೇಕು, ಮೂಗಿನ ಮೇಲೆ ಲೋಹದ ಪಟ್ಟಿ ಒತ್ತಿ, ಎರಡೂ ಪಟ್ಟಿ ತಲೆಯ ಹಿಂದೆ ಬಿಗಿದು ಹಾಕಬೇಕು. ಗಡ್ಡ ಇದ್ದರೆ ಅದು ಕೂರುವುದಿಲ್ಲ. ಇನ್ನೊಂದು ಎಚ್ಚರ: ಎನ್-95 ಕಣವನ್ನು ತಡೆಯುತ್ತದೆ, ಅನಿಲವನ್ನಲ್ಲ. ಮಾಸ್ಕ್ ಹಾಕಿದೆ ಎಂದು ಅಮೋನಿಯಾ ತುಂಬಿದ ಶೆಡ್ಡಿಗೆ ನುಗ್ಗಬೇಡಿ. ಮೊದಲು ಪರದೆ ಎತ್ತಿ, ಗಾಳಿ ಆಡಲು ಬಿಡಿ.

ಶೆಡ್ ಖಾಲಿ ಮಾಡುವಾಗ ಹೊಟ್ಟಿನ ಮೇಲೆ ಹಿಂದಿನ ಸಂಜೆಯೇ ತೆಳ್ಳಗೆ ನೀರು ಸಿಂಪಡಿಸಿ ಬಿಟ್ಟರೆ ಬೆಳಗ್ಗೆ ಬಾಚುವಾಗ ಮೋಡ ಏಳುವುದಿಲ್ಲ. ಒಣ ಪೊರಕೆ ಬೇಡ. ನೆಲ ಒದ್ದೆ ಮಾಡಿ ತಳ್ಳಿ. ಆಮೇಲೆ ಫಾರ್ಮಲಿನ್ ಹೊಗೆ ಹಾಕುವ ಪದ್ಧತಿ ಇದೆ. ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮೊದಲ ದರ್ಜೆಯಲ್ಲಿ ಸೇರಿಸಿದೆ. ಬೇರೆ ಸೋಂಕುನಾಶಕ ಸಿಗುವಾಗ ಅದರ ಸಹವಾಸ ಯಾಕೆ? ಮಾಡಲೇಬೇಕಾದರೆ ತಿಳಿದವರೇ ಮಾಡಲಿ, ಮಕ್ಕಳು ಸುತ್ತ ಸುಳಿಯದಿರಲಿ.

ಅಡಿಕೆ ತೋಟಕ್ಕೆ ಬರುವ ಲಾರಿ

ಶೆಡ್ಡಿಂದ ಹೊರಬಿದ್ದ ಕೋಳಿ ಗೊಬ್ಬರದ ಎರಡನೆಯ ಅಧ್ಯಾಯ ತೋಟದಲ್ಲಿ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಅಡಿಕೆ ಹಬ್ಬಿದ ಮೇಲೆ ಕೋಳಿ ಗೊಬ್ಬರಕ್ಕೆ ಎಲ್ಲಿಲ್ಲದ ಗಿರಾಕಿ. ಟಾರ್ಪಾಲು ಹೊದಿಸದ ಲೋಡು ಊರೊಳಗಿನ ರಸ್ತೆಯಲ್ಲಿ ಹಾದರೆ ದಾರಿಯುದ್ದಕ್ಕೂ ದೂಳು, ಮನೆ ಮುಂದೆ ವಾರಗಟ್ಟಲೆ ರಾಶಿ ಹಾಕಿದರೆ ನೊಣ. ನೊಣದ ಕಾಟಕ್ಕೆ ಬೈಸಿಕೊಳ್ಳುವವನು ಕೋಳಿ ಸಾಕುವವನು. ಗೊಬ್ಬರ ಕೊಂಡವನು ಪಕ್ಕದಲ್ಲೇ ಇದ್ದರೂ ಸುಮ್ಮನಿರುತ್ತಾನೆ.

ತೋಟದವರು ಒಂದು ಲೆಕ್ಕ ನೆನಪಿಡಬೇಕು. ಮೂಗಿಗೆ ಬಡಿಯುವ ಅಮೋನಿಯಾ ಎಂದರೆ ಹಾರಿಹೋಗುತ್ತಿರುವ ಸಾರಜನಕ. ದುಡ್ಡು ಕೊಟ್ಟು ತಂದ ಗೊಬ್ಬರದ ಸತ್ವ ಗಾಳಿಪಾಲು. ಹಸಿ ಗೊಬ್ಬರವನ್ನು ನೇರ ಬುಡಕ್ಕೆ ಸುರಿಯಬೇಡಿ. ತೋಟದ ಎತ್ತರದ ಜಾಗದಲ್ಲಿ, ಬಾವಿ ನಾಲೆಗಳಿಂದ ದೂರ ರಾಶಿ ಹಾಕಿ. ಅಡಿಕೆ ಸಿಪ್ಪೆ, ಒಣ ಸೋಗೆಯ ಚೂರು, ಸೊಪ್ಪು ಪದರ ಪದರವಾಗಿ ಸೇರಿಸಿ ತೇವ ಮಾಡಿ ಟಾರ್ಪಾಲು ಮುಚ್ಚಿ. ಒಳಗಿನ ಬಿಸಿ 55 ಡಿಗ್ರಿ ದಾಟಿ ಕೆಲ ದಿನ ನಿಂತರೆ ಹೆಚ್ಚಿನ ರೋಗಾಣುಗಳೂ ನೊಣದ ಹುಳುವೂ ಸಾಯುತ್ತವೆ. ನಡುವೆ ಒಂದೆರಡು ಸಲ ಮಗುಚಿ, ಒಂದೂವರೆ ಎರಡು ತಿಂಗಳಾದ ಮೇಲೆ ಗಾಳಿ ಇಲ್ಲದ ಸಂಜೆ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ. ಸಿಪ್ಪೆಗೋಟು ಒಣಗಿಸುವ ಅಂಗಳದ ಗಾಳಿಮುಖದಲ್ಲಿ ಈ ಕೆಲಸ ಇಟ್ಟುಕೊಳ್ಳಬಾರದೆಂದು ಬೇರೆ ಹೇಳಬೇಕಿಲ್ಲ.

ಕೊಟ್ಟಿಗೆಯ ಮಾತು ಬೇರೆ

ಮಾಚೇನಹಳ್ಳಿಯ ಶಿಮುಲ್ ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಎರಡು ಮೂರು ಹಸು ಇರುವ ಕೊಟ್ಟಿಗೆಯನ್ನು ಐದು ಸಾವಿರ ಕೋಳಿಯ ಶೆಡ್ಡಿನೊಡನೆ ತೂಗುವುದು ನ್ಯಾಯವಲ್ಲ. ಹಸಿ ಸೊಪ್ಪು ಹಾಸುವ ಮಲೆನಾಡಿನ ಹಳೆ ಪದ್ಧತಿಯಲ್ಲಿ ದೂಳು ಏಳುವುದೇ ಕಡಿಮೆ. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಕುತೂಹಲದ್ದು. ವಂಶಮೂಲದಲ್ಲಿ ಹೋಲುವ ಎರಡು ರೈತ ಸಮುದಾಯಗಳು; ಮನೆ ಪಕ್ಕದ ಕೊಟ್ಟಿಗೆಯಲ್ಲಿ ಹಸುಗಳೊಡನೆ ಬೆಳೆವ ಅಮಿಶ್ ಮಕ್ಕಳಲ್ಲಿ ಆಸ್ತಮಾ ನೂರಕ್ಕೆ 5.2, ಯಂತ್ರೀಕೃತ ದೊಡ್ಡ ಫಾರಂಗಳ ಹಟರೈಟ್ ಮಕ್ಕಳಲ್ಲಿ 21.3. ಎಳವೆಯಲ್ಲಿ ಕೊಟ್ಟಿಗೆಯ ಸಹವಾಸ ಮಕ್ಕಳಿಗೆ ಕಾಪೂ ಆಗಬಲ್ಲದು. ಹಾಗೆಂದು ಉಬ್ಬಸ ಇರುವ ಮಗುವನ್ನು ಕೋಳಿ ಶೆಡ್ಡಿಗೆ ಕಳಿಸಬೇಡಿ. ಅದು ಬೇರೆಯೇ ಲೋಕ.

ಕೊಟ್ಟಿಗೆಯಲ್ಲಿ ಅಪಾಯ ಇರುವುದು ಎರಡು ಕಡೆ. ಒಂದು, ಬೂಷ್ಟು ಹಿಡಿದ ಹುಲ್ಲು. ಸರಿಯಾಗಿ ಒಣಗದೆ ಗೊಣಬೆ ಹಾಕಿದ ಹುಲ್ಲು ಒಳಗೇ ಬಿಸಿಯಾಗಿ ಬೂಷ್ಟು ಕಟ್ಟುತ್ತದೆ. ಮಳೆಗಾಲದ ಕೊನೆಗೆ ಅದನ್ನು ಹಿರಿದು ಕೊಡವಿದಾಗ ಏಳುವ ಬೂದು ದೂಳು ಶ್ವಾಸಕೋಶದಲ್ಲಿ ಅಲರ್ಜಿಯ ನ್ಯುಮೋನಿಯಾ ತರುತ್ತದೆ. ಇಂಗ್ಲೆಂಡಿನಲ್ಲಿ 1932ರಲ್ಲೇ ಇದನ್ನು ಗುರುತಿಸಿದ್ದರು; ರೈತರ ಶ್ವಾಸಕೋಶ ರೋಗ ಎಂಬ ಹೆಸರು ಆಮೇಲೆ ಬಂತು. ಅಂಥ ಹುಲ್ಲನ್ನು ಹಸುವಿಗೂ ಹಾಕಬೇಡಿ, ಗೊಬ್ಬರದ ಗುಂಡಿಗೆ ಹಾಕಿ, ಮೊದಲು ನೀರು ಚಿಮುಕಿಸಿ. ಪಾರಿವಾಳಕ್ಕೆ ಕಾಳು ಹಾಕಿ ಬಾಲ್ಕನಿ ತುಂಬ ಹಿಕ್ಕೆ ಒಣಗಿಸಿಕೊಳ್ಳುವ ಪೇಟೆಯವರಿಗೂ ಇದೇ ಜಾತಿಯ ಕಾಯಿಲೆ ಬರುತ್ತದೆ.

ಇನ್ನೊಂದು, ಕಂದು ಹಾಕಿದ ಹಸು, ಆಡು, ಕುರಿ. ಗರ್ಭದ ನೀರು, ಮಾಸುಗಳಲ್ಲಿ ಬ್ರುಸೆಲ್ಲಾ, ಕ್ಯೂ ಜ್ವರದ ರೋಗಾಣುಗಳು ಕೋಟಿಗಟ್ಟಲೆ ಇರಬಹುದು. ಕ್ಯೂ ಜ್ವರದ್ದು ಒಣಗಿ ದೂಳಾದರೂ ಸಾಯುವುದಿಲ್ಲ. ನೆದರ್‌ಲೆಂಡ್ಸ್‌ನಲ್ಲಿ 2007ರಿಂದ 2010ರವರೆಗೆ ಆಡಿನ ಫಾರಂಗಳಿಂದ ಗಾಳಿಯಲ್ಲಿ ಬಂದ ಈ ಜ್ವರ 4 ಸಾವಿರಕ್ಕೂ ಹೆಚ್ಚು ಜನರಲ್ಲಿ ದಾಖಲಾಯಿತು. ಅವರಲ್ಲಿ ಆಡು ಸಾಕದವರೇ ಬಹಳ. ಕೆಲವು ಕಿಲೋಮೀಟರ್ ಆಚೆ ಮನೆ ಇದ್ದದ್ದೇ ಸಾಕಾಗಿತ್ತು. ಸರ್ಕಾರ 50 ಸಾವಿರಕ್ಕೂ ಹೆಚ್ಚು ಆಡುಗಳನ್ನು ಕೊಲ್ಲಿಸಿತು. ಹಾಗಾಗಿ ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟದೆ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ, ನಾಯಿಗೆ ಎಸೆಯಬೇಡಿ, ಬಸುರಿಯರು ಹತ್ತಿರ ಹೋಗುವುದು ಬೇಡ. ಹೆಣ್ಣುಕರುಗಳಿಗೆ 4ರಿಂದ 8 ತಿಂಗಳ ಒಳಗೆ ಬ್ರುಸೆಲ್ಲಾ ಲಸಿಕೆ ಹಾಕಿಸಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅದು ಸಿಗುತ್ತದೆ.

ಕೆಮ್ಮಿಗೆ ಯಾವ ಹೆಸರು?

ಶೆಡ್ ಬಾಚಿದ ದಿನ ಸಂಜೆ ಮೈಕೈ ನೋವು, ಚಳಿಜ್ವರ, ಒಣಕೆಮ್ಮು. ಒಂದೆರಡು ದಿನದಲ್ಲಿ ತಾನಾಗಿ ಇಳಿಯುವುದು. ಇದು ಫ್ಲೂ ಅಲ್ಲದೆ ದೂಳಿನ ಜ್ವರ ಇರಬಹುದು. ರಜೆಯ ದಿನ ಹಗುರ, ಕೆಲಸಕ್ಕೆ ಹೋದ ದಿನ ಎದೆ ಬಿಗಿತ ಎಂದಾದರೆ ಸಂಶಯವೇ ಬೇಡ. ಡಾಕ್ಟರ ಹತ್ತಿರ ಹೋದಾಗ ‘ಕೋಳಿ ಫಾರಂ ಕೆಲಸ’ ಎಂದು ನಾವಾಗಿಯೇ ಹೇಳಬೇಕು. ಅವರು ಕೇಳುವುದಿಲ್ಲ, ಕೇಳಲು ಹೊತ್ತೂ ಇರುವುದಿಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಕ್ಷಯ ಇಲ್ಲ ಎಂದಾದ ಮೇಲೂ ಕೆಮ್ಮು ನಿಲ್ಲದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ಎದೆರೋಗ ತಜ್ಞರಲ್ಲಿ ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೊಮೆಟ್ರಿ ಕೇಳಿ. ಈ ಜಿಲ್ಲೆಯಲ್ಲಿ ಡಿಸೆಂಬರಿನಿಂದ ಮೇವರೆಗಿನ ಜ್ವರಕ್ಕೆಲ್ಲ ಮಂಗನ ಕಾಯಿಲೆಯ ನೆರಳು ಬೀಳುವುದು ಸಹಜ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಆ ಕಾಯಿಲೆ ಹರಡುವುದು ಉಣುಗಿನಿಂದ. ಕಾಡಿಗೆ ಹೋಗಿದ್ದಿರಾ, ಶೆಡ್ ಬಾಚಿದ್ದಿರಾ ಎಂಬುದೇ ಡಾಕ್ಟರಿಗೆ ಸಿಗುವ ಮೊದಲ ಸುಳಿವು.

ಆ್ಯಂಟಿಬಯೊಟಿಕ್ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಶೆಡ್ಡಿನಲ್ಲಿ ಸಿಕ್ಕಾಪಟ್ಟೆ ಔಷಧ ಕುಡಿಸಿದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದು, ದೂಳಿನ ಜತೆ ಅವೂ ಹೊರಬರುತ್ತವೆ. ಕೊಲಿಸ್ಟಿನ್ ಎಂಬ ಔಷಧವನ್ನು 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ನಿಷೇಧಿಸಿದ್ದು ಇದೇ ಭಯದಿಂದ. ಪೊಟ್ಟಣದ ಮೇಲಿನ ಹೆಸರು ಓದಿ.

ಹಕ್ಕಿಜ್ವರ ನಮಗೆ ದೂರದ ಸುದ್ದಿಯಲ್ಲ. 2012ರಲ್ಲಿ ಹೆಸರಘಟ್ಟ, 2016ರಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್, 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲು ಮತ್ತು ನಮ್ಮ ಪಕ್ಕದ ಹರಿಹರ ತಾಲ್ಲೂಕಿನ ಬನ್ನಿಕೋಡು, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ ಮತ್ತು ಬಳ್ಳಾರಿ ಜಿಲ್ಲೆಯ ಕುರೇಕುಪ್ಪ. ಅದು ಹೆಚ್ಚಾಗಿ ಹರಡುವುದು ಲಾರಿ, ಕ್ರೇಟು, ಚಪ್ಪಲಿ, ಹಿಕ್ಕೆಗಳ ಮೂಲಕ. ಆದರೆ ಸೋಂಕಿತ ಶೆಡ್ಡಿನ ದೂಳನ್ನು ಹತ್ತಿರದಿಂದ ಉಸಿರಾಡುವವನಿಗೂ ಅಪಾಯ ಇದೆ. ಒಮ್ಮೆಲೇ ರಾಶಿ ಕೋಳಿ ಸತ್ತರೆ ಅವನ್ನು ಎತ್ತಿ ಪುಕ್ಕ ಕೀಳುವುದು, ನಾಲೆಗೆ ಎಸೆಯುವುದು, ರಾತ್ರೋರಾತ್ರಿ ಉಳಿದದ್ದನ್ನು ಮಾರುವುದು ಮೂರೂ ಮಾಡಬಾರದ ಕೆಲಸ. ಪಶುಪಾಲನಾ ಇಲಾಖೆಗೆ, ಇಲ್ಲವೇ 1962 ಸಂಖ್ಯೆಗೆ ಫೋನ್ ಮಾಡಿ.

ನೆರೆಮನೆ, ಕಾನೂನು, ಗಿಡಮರ

‘ನಮ್ಮ ಹೊಲ, ನಮ್ಮ ಕೋಳಿ, ಯಾರ ಅಪ್ಪಣೆ ಬೇಕು?’ ಎಂಬ ಮಾತಿಗೆ ಒಂದು ಆಧಾರ ಇದೆ: 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆ ಕೋಳಿ ಸಾಕಣೆ, ಹೈನುಗಾರಿಕೆ ಎರಡನ್ನೂ ಕೃಷಿ ಎಂದೇ ಎಣಿಸುತ್ತದೆ. ಆದರೆ ಮಾಲಿನ್ಯದ ಕಾನೂನು ಬೇರೆ ದಾರಿಯಲ್ಲಿ ಬರುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರಲ್ಲಿ ಆದೇಶಿಸಿದ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾರ್ಗಸೂಚಿಯನ್ನು ಬಿಗಿ ಮಾಡಿತು. 5 ಸಾವಿರಕ್ಕಿಂತ ಹೆಚ್ಚು ಕೋಳಿ ಇದ್ದರೆ ರಾಜ್ಯ ಮಂಡಳಿಯ ಸಮ್ಮತಿಪತ್ರ ಬೇಕು. ಜನವಸತಿಯಿಂದ 500 ಮೀಟರ್, ನದಿ ಕೆರೆ ಕುಡಿಯುವ ನೀರಿನಿಂದ 100 ಮೀಟರ್ ದೂರ ಇರಬೇಕು. ಶೆಡ್ ಹಾಕುವ ಮೊದಲೇ ಇದನ್ನು ನೋಡಿಕೊಂಡರೆ ಆಮೇಲೆ ಕಚೇರಿ ಅಲೆಯುವುದು ತಪ್ಪುತ್ತದೆ.

ತೊಂದರೆ ಅನುಭವಿಸುವವರು ಮೊದಲು ಮಾತಾಡಿ. ಲೋಡಿಂಗ್, ಶೆಡ್ ಬಾಚುವ ದಿನ ಮುಂಚೆ ತಿಳಿಸುವಂತೆ ಕೇಳಿಕೊಳ್ಳಿ. ಆ ಹೊತ್ತು ಕಿಟಕಿ ಮುಚ್ಚಿ, ಸಂಡಿಗೆ ಹಪ್ಪಳ ಒಳಗೆ ತನ್ನಿ, ಬಾವಿಗೆ ಜಾಲರಿ ಹಾಕಿ. ಬಗ್ಗದಿದ್ದರೆ ಗ್ರಾಮ ಪಂಚಾಯಿತಿಗೆ, ಆಮೇಲೆ ಶಿವಮೊಗ್ಗದ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಬರಹದಲ್ಲಿ ದೂರು ಕೊಡಿ. ಸಾರ್ವಜನಿಕ ಉಪದ್ರವ ಎಂದು ಉಪವಿಭಾಗಾಧಿಕಾರಿಗಳ ಮುಂದೆ ಹೋಗಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ. ದೂರಿನಲ್ಲಿ ‘ಯಾವಾಗಲೂ ವಾಸನೆ’ ಎಂದು ಬರೆದರೆ ತೂಕವಿಲ್ಲ. ದಿನಾಂಕ, ಗಂಟೆ, ಗಾಳಿ ಬೀಸಿದ ದಿಕ್ಕು, ಶೆಡ್ಡಿನಲ್ಲಿ ಆಗ ನಡೆಯುತ್ತಿದ್ದ ಕೆಲಸ ಬರೆದಿಟ್ಟು ಜೋಡಿಸಿ.

ಹೊಸದಾಗಿ ಶೆಡ್ ಹಾಕುವವರು ಗಾಳಿಯ ಎರಡೂ ಮುಖ ನೋಡಬೇಕು. ಮುಂಗಾರಿನಲ್ಲಿ ಪಶ್ಚಿಮ ನೈಋತ್ಯದಿಂದ, ಚಳಿಗಾಲದಲ್ಲಿ ಮೂಡಣದ ಕಡೆಯಿಂದ ಬೀಸುತ್ತದೆ. ಊರು ಈ ಎರಡೂ ಸಾಲಿನಿಂದ ಆಚೀಚೆ ಇದ್ದರೆ ಒಳ್ಳೆಯದು. ಚಳಿಗಾಲದ ಬೆಳಗ್ಗೆ ಇಬ್ಬನಿ ಕವಿದಾಗ ಗಾಳಿ ಮೇಲೇಳದೆ ವಾಸನೆ, ದೂಳು ನೆಲಮಟ್ಟದಲ್ಲೇ ತಂಗುತ್ತವೆ. ಆಗ ಶೆಡ್ ಬಾಚುವುದು ಬೇಡ, ಬಿಸಿಲೇರಿ ಗಾಳಿ ಆಡಲಿ. ಊರಿನ ಕಡೆಗೆ ಎರಡು ಮೂರು ಸಾಲು ಗಿಡ ಬೆಳೆಸಿದರೆ ಎಲೆಗಳೇ ದೂಳು ಹಿಡಿಯುತ್ತವೆ. ಹೊಂಗೆ, ಬೇವು, ಬಿದಿರು ಆಗುತ್ತದೆ. ಆದರೆ ಶೆಡ್ಡಿಗೆ ಅಂಟಿಸಿ ನೆಟ್ಟರೆ ಒಳಗಿನ ಗಾಳಿ ಕಟ್ಟಿ ಅಮೋನಿಯಾ ತುಂಬುತ್ತದೆ, ಅಂತರ ಬಿಡಿ. ಹಣ್ಣಿನ ಮರ ಬೇಡ, ಅದಕ್ಕೆ ಬರುವ ಕಾಡುಹಕ್ಕಿ ರೋಗವನ್ನೂ ತರಬಹುದು.

ಇಷ್ಟರಲ್ಲಿ ಕೆಲವು ಕೆಲಸಕ್ಕೆ ದುಡ್ಡು ಬೇಕು, ಕೆಲವಕ್ಕೆ ಜಾಗ ಬೇಕು, ಸಣ್ಣ ರೈತನಿಗೆ ಎರಡೂ ಕಷ್ಟ. ಕಂಪನಿಗಳು ಮರಿ, ಫೀಡಿನ ಜತೆ ಮಾಸ್ಕನ್ನೂ ಕೊಡಬೇಕೆಂದು ಬೆಳೆಗಾರರು ಒಟ್ಟಾಗಿ ಕೇಳುವುದರಲ್ಲಿ ತಪ್ಪೇನಿಲ್ಲ. ಅದು ಆಗುವವರೆಗೆ ಮುಂದಿನ ಬ್ಯಾಚಿನ ಹೊಟ್ಟು ತರಲು ಗಿರಣಿಗೆ ಹೋದಾಗ ದಾರಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಎನ್-95 ಒಂದು ಪೆಟ್ಟಿಗೆ ಕೊಂಡು ತನ್ನಿ. ಒಂದು ನಿಮಗೆ, ಒಂದು ಮನೆಯಾಕೆಗೆ. ಉಳಿದದ್ದನ್ನು ಲೋಡಿಂಗ್ ರಾತ್ರಿ ಬರುವ ಹುಡುಗರಿಗೆ ಎತ್ತಿಡಿ, ಹಾಕಿಕೊಳ್ಳದೆ ಶೆಡ್ಡಿನೊಳಗೆ ಬಿಡಬೇಡಿ.